ಮೆಟ್ಟಿಲ ಮೇಲೋ, ಕೋಣೆಯೊಳಗೋ

ಅಕ್ಕ ಆ ಮಾತನ್ನು ಎಲ್ಲಿ ಹೇಳಿದಳು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಹೇಳಿದ್ದಂತೂ ನಿಜ. "ಇವು ನಾ ಮಾಡಿದ್ದಲ್ರಿ. ಇವನ್ನ ಯಾಕ ಹಿಂಗ ಬಿಟ್ಟಾರೋ ನನಗ ಗೊತ್ತಿಲ್ಲ." ಧ್ವನಿ ನೆನಪಿದೆ. ಅವಳ ಎಡಗೈಯಲ್ಲಿ ಬನ್ನಿ ಎಲೆಗಳಿದ್ದವು, ಬಲಗೈ ಬೆರಳು ಒಂದು ಬಿರುಕಿನ ಮೇಲಿತ್ತು. ಆದರೆ ಅವಳು ಅದನ್ನು ಹೇಳಿದ್ದು ಬೈಲಹೊಂಗಲದಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕಚೇರಿಯ ಒಳಕೋಣೆಯಲ್ಲಿ, ಕ್ಯಾಮೆರಾದ ಕೆಂಪು ಚುಕ್ಕೆಯ ಎದುರಿಗೋ, ಅಥವಾ ಹೊರಗೆ ಮೆಟ್ಟಿಲ ಮೇಲೆ, ನನ್ನೊಬ್ಬನ ಎದುರಿಗೋ? ಥಟ್ಟನೆ ಕೇಳಿದರೆ ಮೆಟ್ಟಿಲು ಎನ್ನುತ್ತೇನೆ. ಕುಂಡಿಗೆ ತಾಗಿದ ಕಲ್ಲಿನ ತಂಪು, ಪಕ್ಕದ ಗೋಡೆಯ ಬಿರುಕು, ಅದರ ಮೇಲೆ ಅವಳ ಬೆರಳು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ.

ಇಷ್ಟು ಸ್ಪಷ್ಟವಾಗಿರುವುದಕ್ಕೇ ನನಗೆ ಅನುಮಾನ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ನವಿಲುತೀರ್ಥದ ಅಣೆಕಟ್ಟೆಯ ಗೇಟು ತೆರೆದದ್ದನ್ನು ನೋಡಿದ್ದೆ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದವನು ನಾನು. ನೀರಿನ ಸಪ್ಪಳ, ಮುಖಕ್ಕೆ ಬಡಿದ ತುಂತುರು, ಏನೂ ಬಿಡದೆ ವರ್ಣಿಸುತ್ತಿದ್ದೆ. ಒಮ್ಮೆ ಅವ್ವ ರೊಟ್ಟಿ ಬಡಿಯುತ್ತಲೇ, "ನೀ ಎಲ್ಲಿ ಹೋಗಿದ್ದಿ? ನಿನಗ ಜ್ವರ ಬಂದಿದ್ದುವು, ನಿಮ್ಮ ಅಣ್ಣನ್ನ ಕರಕೊಂಡ ಹೋಗಿದ್ರು" ಎಂದಳು. ನಾನು ನೋಡಿದ್ದು ಅಣ್ಣ ನೋಡಿದ್ದನ್ನು. ಅಂದಿನಿಂದ ನನ್ನ ನೆನಪು ಜಾಸ್ತಿ ಚೆಂದವಾಗಿ ಮಾತಾಡತೊಡಗಿದರೆ ನಾನು ಹಿಂದೆ ಸರಿಯುತ್ತೇನೆ.

ಆದರೆ ಈ ಸಲ ಹಿಂದೆ ಸರಿಯಲು ಆಗುವಂತಿರಲಿಲ್ಲ. ಮೊನ್ನೆ, ಈ ಬೇಸಿಗೆಯಲ್ಲೇ, ಅಕ್ಕ ಸವದತ್ತಿಗೆ, ನಾನು ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುವ ಕಾಲೇಜಿಗೆ, ಹುಡುಕಿಕೊಂಡು ಬಂದಳು. ಮುರಗೋಡದಿಂದ ಬಸ್ಸಿಗೆ ಬಂದಿದ್ದಳು. ಕಾರಿಡಾರಿನಲ್ಲಿ ನಿಂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮೊದಲು ಚೇಷ್ಟೆ ಮಾಡಿದಳು.

"ಏನ್ರಿ ಮಾಸ್ತರ, ಖರೇನ ಮಾಸ್ತರ ಆಗೀರಲ್ಲ?"

ಕಚೇರಿಯಲ್ಲಿ ಎಲ್ಲರೂ ನನ್ನನ್ನು ಮಾಸ್ತರ ಎಂದೇ ಕಾಡಿಸುತ್ತಿದ್ದರು. ಎಂ.ಎ. ಮಾಡಿದ್ದೆ, ಯಾರು ಏನು ಹೇಳಿದರೂ "ಅದು ನಿಮಗ ಹೆಂಗ ಗೊತ್ತು?" ಎಂದು ಕೇಳುತ್ತಿದ್ದೆ, ಅದಕ್ಕೆ. ನಾನು ಅವಳನ್ನು ಎಲ್ಲರಂತೆ ಅಕ್ಕಾರ ಎನ್ನುತ್ತಿದ್ದೆ. ನಗು ಬೇಗ ಮುಗಿಯಿತು. ಕುರ್ಚಿಯ ತುದಿಗೆ ಕುಳಿತು ಅವಳು ಹೇಳಿದ್ದು ಇದು: ಕಂಪನಿಯವರು ಅವಳ ಮೇಲೆ ವಿಚಾರಣೆ ಇಟ್ಟಿದ್ದಾರೆ. ಬೇಕೆಂದೇ ಸುಳ್ಳು ನಿಯಮ ಕಲಿಸಿದಳು ಎಂಬ ಆರೋಪ. ಅದು ಅವಳ ಹೆಸರಿಗೆ ಅಂಟಿದರೆ ಈ ಕೆಲಸ ಹೋಗುವುದಷ್ಟೇ ಅಲ್ಲ, ಇಂಥ ಇನ್ನೊಂದು ಕೆಲಸಕ್ಕೂ ಯಾರೂ ಕರೆಯುವುದಿಲ್ಲ.

"ಒಬ್ಬರ ಹೆಸರಿಗೆ ಇನ್ನೊಬ್ಬರು ಮುಯ್ಯಿ ಮಾಡಿದ್ದು ತಪ್ಪಂದ್ರ ತಪ್ಪು. ಒಪ್ಪಿಕೊಂಡೇನಿ. ಆದ್ರ ಬೇಕಂತ ಸುಳ್ಳ ಕಲಿಸ್ಯಾಳ ಅಂತಾರಲ್ಲ, ಅದನ್ನ ಹೆಂಗ ಒಪ್ಪಲಿ? ಇವು ನನ್ನವಲ್ಲ ಅಂತ ನಾ ಅವತ್ತ ಅಲ್ಲೇ, ಅವರೆಲ್ಲರ ಎದರ ಹೇಳಿದ್ನಲ್ರಿ, ಮಾಸ್ತರ. ನೀವು ಬಾಜೂಕ ಕುಂತಿದ್ರಿ. ಅಷ್ಟ ಹೇಳ್ರಿ ಸಾಕು."

ನಾನು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿದೆ. ಅವಳು ನನ್ನ ಮುಖ ನೋಡಿದಳು.

"ಯಾಕ್ರಿ? ನೆನಪಿಲ್ಲೇನು?"

"ನೆನಪೈತಿ ಅಕ್ಕಾರ. ಆದ್ರ ಮೆಟ್ಟಲ ಮ್ಯಾಲ ಹೇಳಿದಂಗ ನೆನಪೈತಿ."

ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಉತ್ತರಪತ್ರಿಕೆಗಳು ಹಾರಾಡುತ್ತಿದ್ದವು. ಒಂದನ್ನು ಅಂಗೈಯಿಂದ ಒತ್ತಿ ಹಿಡಿದು, "ವಿಚಾರ ಮಾಡ್ರಿ. ಸೋಮವಾರ ಅವರು ನಿಮಗ ಫೋನ್ ಹಚ್ಚತಾರ" ಎಂದು ಎದ್ದಳು.

ಆ ಕೆಲಸ ಎಂಥದು ಎಂದು ಹೇಳಬೇಕು. ಬೈಲಹೊಂಗಲದ ಬಜಾರದ ಹತ್ತಿರ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಮ್ಮ ಕಚೇರಿ ಇತ್ತು. ದೂರದ ದೇಶವೊಂದರ ವಿಮಾ ಕಂಪನಿ ತನ್ನ ಗಿರಾಕಿಗಳ ಮನೆಗೋಡೆಗಳ ಫೋಟೋ ಕಳಿಸುತ್ತಿತ್ತು. ಬಿರುಕು ಬಿಟ್ಟ ಗೋಡೆಗಳು. ನಾವು ಪ್ರತಿ ಫೋಟೋ ನೋಡಿ ಎರಡರಲ್ಲಿ ಒಂದನ್ನು ಒತ್ತಬೇಕು: ಕೂಡಲೇ ಇಂಜಿನಿಯರ್ ಹೋಗಲಿ, ಇಲ್ಲವೇ ಕಾಯಬಹುದು. ಆ ದೇಶದಲ್ಲಿ ಕೆಲವು ಕಡೆ ನಮ್ಮ ಎರೆಭೂಮಿಯಂಥದೇ ಜಿಗುಟು ಮಣ್ಣಂತೆ. ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ, ಮೇಲಿನ ಮನೆಯನ್ನು ಸುಮ್ಮನೆ ಇರಗೊಡುವುದಿಲ್ಲ. ನಮ್ಮ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಗೋಡೆ ಬಾಯಿ ಬಿಡುವುದನ್ನೂ ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದನ್ನೂ ನೋಡುತ್ತ ಬೆಳೆದವರು. ಕಂಪನಿ ಇದನ್ನು ಲೆಕ್ಕ ಹಾಕಿ ಇಲ್ಲಿಗೆ ಬಂದಿರಲಿಲ್ಲ, ಬಾಡಿಗೆ ಕಡಿಮೆ ಎಂದು ಬಂದಿತ್ತು. ಬಂದ ಮೇಲೆ ಗೊತ್ತಾಯಿತು.

ಅದೇ ಹುಡುಗ ಹುಡುಗಿಯರು ಹೊಲಮನೆಯವರೂ ಹೌದು. ಜೋಳದ ಸುಗ್ಗಿ, ಮನೆಯಲ್ಲಿ ಬಾಣಂತನ, ತಾಯಿಗೆ ಆಸ್ಪತ್ರೆ, ರಜೆ ಮಾತ್ರ ಸಿಗುವುದಿಲ್ಲ. ಆಗ ಕಚೇರಿಯಲ್ಲಿ ಮುಯ್ಯಿ ಶುರುವಾಯಿತು. ಹೊಲದಲ್ಲಿ ಇಂದು ನಿನ್ನ ಕಳೆ ನಾನು ಕೀಳುತ್ತೇನೆ, ನಾಳೆ ನನ್ನ ಕಳೆಗೆ ನೀನು ಬಾ ಎನ್ನುವ ಲೆಕ್ಕ ಇದೆಯಲ್ಲ, ಅದೇ. ಬಾರದವರ ಹೆಸರಿನಲ್ಲಿ ಬಂದವರು ಲಾಗಿನ್ ಆಗಿ ಅವರ ಪಾಲಿನ ಫೋಟೋಗಳನ್ನು ಮುಗಿಸಿಡುವುದು. ಇದಕ್ಕೆ ಯಾರೂ ನಾಚಿಕೊಳ್ಳಲಿಲ್ಲ, ಯಾರೂ ಕದ್ದುಮುಚ್ಚಿ ಮಾಡಲಿಲ್ಲ. ನೆರೆಹೊಲದವರಿಗೆ ಕೈಜೋಡಿಸಿದಷ್ಟೇ ಸಹಜವಾಗಿತ್ತು. ಮ್ಯಾನೇಜರಿಗೂ ಗೊತ್ತಿತ್ತು. ಬೆಳಗಾವಿಯಿಂದ ದಿನಾ ಕಾರಿನಲ್ಲಿ ಬರುತ್ತಿದ್ದ ಅವರು ಪೂರಾ ಆದ ಕೆಲಸ ನೋಡುತ್ತಿದ್ದರೇ ಹೊರತು ಕೈ ಯಾರದು ಎಂದು ನೋಡುತ್ತಿರಲಿಲ್ಲ.

ಅಕ್ಕನ ತಾಯಿಗೆ ಕಿಡ್ನಿ ತೊಂದರೆ. ವಾರದಲ್ಲಿ ಕೆಲವು ದಿನ ಅವಳು ತಾಯಿಯನ್ನು ಧಾರವಾಡಕ್ಕೆ ಕರೆದೊಯ್ಯಬೇಕಾಗುತ್ತಿತ್ತು. ಆ ದಿನಗಳಲ್ಲಿ ಅವಳ ಕುರ್ಚಿಯಲ್ಲಿ ಕುಳಿತವನು ರಾಮದುರ್ಗದ ನೇಕಾರರ ಮನೆಯ ಹುಡುಗ. ಮಗ್ಗದ ಮೇಲೆ ಕಡಿದ ಎಳೆ ಹುಡುಕುವವರ ಹಾಗೆ ಕತ್ತು ಓರೆ ಮಾಡಿ ಫೋಟೋ ನೋಡುತ್ತಿದ್ದ. ಬಲು ಜಂಬದವನು.

"ಅಕ್ಕಾ, ನಿನ್ನ ಹೆಸರಿಗೆ ಇಷ್ಟ ಮಾರ್ಕ್ಸ್ ಬರಾಕ ಹತ್ಯಾವಂದ್ರ ಅದು ನನ್ನ ಕಣ್ಣಿನ ಪುಣ್ಯಾ. ಊರಾಗ ನನ್ನ ಹೆಸರ ಹೇಳಿ ಹೋಳಿಗಿ ಹಂಚು" ಎನ್ನುತ್ತಿದ್ದ.

"ಹೌದಪಾ, ನಿನ್ನ ಕಣ್ಣಿಗೆ ಮೊದಲ ದೃಷ್ಟಿ ತೆಗೀಬೇಕು" ಎಂದು ಅಕ್ಕ ಅವನ ಡಬ್ಬಿಗೆ ಶೇಂಗಾ ಚಟ್ನಿ ಹಾಕುತ್ತಿದ್ದಳು.

ಹೊಗೆಕೊಳವೆ ಇರುವ ಗೋಡೆಗಳೆಂದರೆ ಅವನಿಗೆ ಇಷ್ಟ. ಎರಡು ಮನೆಗಳಿಗೆ ಸೇರಿ ಒಂದೇ ಗೋಡೆ, ಅದರ ನೆತ್ತಿಯಲ್ಲಿ ಇಟ್ಟಿಗೆಯ ಕೊಳವೆ. ನಮ್ಮ ಕಡೆ ಅಂಥವು ಇಲ್ಲ, ಹಾಗಾಗಿ ನಮಗೆ ಯಾರಿಗೂ ತಳಬುಡ ತಿಳಿಯುತ್ತಿರಲಿಲ್ಲ. ಅವನು ಮಾತ್ರ ನೋಡಿದ ತಕ್ಷಣ ಒತ್ತುತ್ತಿದ್ದ. ಆಮೇಲೆ ಕಂಪನಿ ತಾಳೆ ನೋಡಿದಾಗ ಬಹುತೇಕ ಸರಿ ಬರುತ್ತಿತ್ತು. ತಿಳಿದು ಒತ್ತುತ್ತಿದ್ದನೋ, ಧೈರ್ಯದಿಂದ ಊಹಿಸುತ್ತಿದ್ದನೋ, ನನಗೆ ಈಗಲೂ ಗೊತ್ತಿಲ್ಲ. "ಅದು ನಿನಗ ಹೆಂಗ ಗೊತ್ತು?" ಎಂದು ನಾನು ಕೇಳಿದಾಗಲೆಲ್ಲ, "ಮಾಸ್ತರ, ನಿಮಗ ಹೇಳಿದ್ರ ನನ್ನ ಕಿಮ್ಮತ್ತು ಏನ ಉಳೀತು?" ಎಂದು ನಗುತ್ತಿದ್ದ. ಒಂದು ದಿನ ಗೋವೆಯ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿತೆಂದು ಹೋಗಿಬಿಟ್ಟ. ಅವನು ನೋಡಿದ್ದೆಲ್ಲ ಅಕ್ಕನ ಹೆಸರಿನಲ್ಲಿ ಉಳಿಯಿತು.

ಆ ವರ್ಷ ದಸರೆಗೆ ಸ್ವಲ್ಪ ಮೊದಲು ಮ್ಯಾನೇಜರು ನಮ್ಮನ್ನೆಲ್ಲ ನಿಲ್ಲಿಸಿ ಖುಷಿಯಿಂದ ಹೇಳಿದರು: ನಮ್ಮ ಕೇಂದ್ರದ ಜ್ಞಾನ ಕಂಪನಿಗೆ ಬೇಕಾಗಿದೆ. ಬೇರೆ ದೇಶದಲ್ಲಿ ಹೊಸ ಕೇಂದ್ರ ತೆರೆಯುತ್ತಾರೆ, ಜೊತೆಗೆ ಫೋಟೋ ನೋಡಿ ತಾನೇ ನಿರ್ಧರಿಸುವ ಒಂದು ಯಂತ್ರಕ್ಕೂ ಕಲಿಸುತ್ತಾರೆ. ಇಬ್ಬರು ಬರುತ್ತಾರೆ, ನಮ್ಮ ಪರಿಣತರ ಜೊತೆ ಕುಳಿತು ಎಲ್ಲವನ್ನೂ ದಾಖಲೆ ಮಾಡಿಕೊಳ್ಳುತ್ತಾರೆ. ಇದಕ್ಕೆ ಜ್ಞಾನ ವರ್ಗಾವಣೆ ಎಂದು ಹೆಸರು. ಹಿಂದಿನ ಸಾಲಿನಿಂದ ಒಬ್ಬಳು ಮೆಲ್ಲಗೆ, "ತಹಶೀಲ್ದಾರರ ವರ್ಗಾವಣಿ ಆದ್ರ ಅವರ ಹಿಂದ ಅವರ ಸಾಮಾನೂ ಹೊಕ್ಕೈತಿ" ಎಂದಳು. ಯಾರೂ ನಗಲಿಲ್ಲ. ಗಣಕದಲ್ಲಿ ಅತಿ ಹೆಚ್ಚು ಸರಿ ಉತ್ತರಗಳಿದ್ದ ಹೆಸರು ಯಾವುದೋ ಆ ಹೆಸರೇ ಪರಿಣತರೆಂದು ಆಯ್ಕೆಯಾಗಿತ್ತು. ಅದು ಅಕ್ಕನ ಹೆಸರು. ಅವಳ ಮಾತನ್ನು ಬರೆದುಕೊಳ್ಳಲು ಎಂ.ಎ. ಆದ ನಾನು.

ಅಕ್ಕನ ಮುಖ ಅಂದು ಬಿಳಿಚಿಕೊಂಡಿದ್ದನ್ನು ನೋಡಿದ್ದೇನೆ. ಅಥವಾ ಮುಂದೆ ಆದದ್ದನ್ನು ತಿಳಿದ ಮೇಲೆ ಬಿಳಿಚಿಕೊಂಡಂತೆ ನೆನಪಿಸಿಕೊಳ್ಳುತ್ತಿದ್ದೇನೆ.

ದಸರೆಯ ಮರುದಿನ ಅವರು ಬಂದರು. ಒಬ್ಬಳು ಆ ದೇಶದ ಹೆಂಗಸು, ಒಬ್ಬ ಪುಣೆಯ ಕಚೇರಿಯವನು. ಹಬ್ಬ ಮುಗಿದರೂ ಬನ್ನಿ ಕೊಡುವುದು ಮುಗಿದಿರಲಿಲ್ಲ. ಅಕ್ಕ ಸೆರಗಿನಲ್ಲಿ ಕಟ್ಟಿ ತಂದ ಎಲೆಗಳನ್ನು ಅವರಿಬ್ಬರ ಕೈಗೂ ಇಟ್ಟು, "ಬಂಗಾರ ತಗೋರಿ" ಎಂದು ನಮಸ್ಕಾರ ಮಾಡಿದಳು. ಆ ಹೆಂಗಸು ಎಲೆಗಳನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಒಳಕೋಣೆಯ ಕಿಟಕಿಯ ಪರದೆ ಎಳೆದರು. ಗೋಡೆಯ ದೊಡ್ಡ ಪರದೆಯ ಮೇಲೆ ಗೋಡೆಗಳು ಬರತೊಡಗಿದವು. ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು. ಒಂದೊಂದು ಫೋಟೋಕ್ಕೂ ಒಂದೇ ಪ್ರಶ್ನೆ, ಇಂಗ್ಲಿಷಿನಲ್ಲಿ: ಇದನ್ನು ಹೀಗೆ ಏಕೆ ನಿರ್ಧರಿಸಿದಿರಿ? ನನ್ನದೇ ಪ್ರಶ್ನೆ. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಷ್ಟು ತಣ್ಣಗಿರುತ್ತದೆ ಎಂದು ಅಂದೇ ಗೊತ್ತಾದದ್ದು.

ಮೊದಲು ಎಲ್ಲ ಸರಾಗವಾಗಿ ಸಾಗಿತು. ಅವು ಅಕ್ಕನವೇ ಫೋಟೋಗಳು. ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಆ ಮೂಲೆಯ ನೆಲ ಕುಸಿಯುತ್ತಿದೆ ಎಂದು ಅವಳು ಕೈಯನ್ನೇ ಗೋಡೆ ಮಾಡಿ ತೋರಿಸಿದಳು. ಅಷ್ಟು ಇಂಗ್ಲಿಷು ಅವಳಿಗೆ ಬರುತ್ತಿತ್ತು. ಬಾರದ ಕಡೆ ಮ್ಯಾನೇಜರು ಕೂಡಿಸುತ್ತಿದ್ದರು. ಊಟದ ಹೊತ್ತಿಗೆ ಹೊಗೆಕೊಳವೆಯ ಗೋಡೆಗಳು ಬಂದವು. ಒಂದಾದ ಮೇಲೊಂದು. ಎಲ್ಲದರ ಕೆಳಗೂ ಅಕ್ಕನ ಹೆಸರು, ಎಲ್ಲಕ್ಕೂ ‘ಕಾಯಬಹುದು’.

ಏಕೆ?

ಇಲ್ಲಿಂದ ಮುಂದೆ ನನ್ನ ನೆನಪಿನಲ್ಲಿ ಒಂದು ಕತ್ತರಿಸಿದ ಜಾಗವಿದೆ. ಕೋಣೆ ಇದೆ, ಆಮೇಲೆ ಮೆಟ್ಟಿಲು ಇದೆ, ಆಮೇಲೆ ಮತ್ತೆ ಕೋಣೆ ಇದೆ. ಮೆಟ್ಟಿಲ ಮೇಲೆ ಅಕ್ಕ ಆ ಮಾತು ಹೇಳುತ್ತಾಳೆ, ಕನ್ನಡದಲ್ಲಿ. ಕೋಣೆಯಲ್ಲಿ ನಾವು ಆಡುತ್ತಿದ್ದುದು ಇಂಗ್ಲಿಷು. ಹಾಗಾಗಿ ಅವಳು ಅದನ್ನು ಊಟದ ಬಿಡುವಿನಲ್ಲಿ ಹೊರಗೆ ಹೇಳಿರಬೇಕು ಎಂಬುದು ನನ್ನ ತರ್ಕ. ಮತ್ತೆ ಕೋಣೆಯಲ್ಲಿ ಮ್ಯಾನೇಜರು ನಗುಮುಖದಿಂದಲೇ ಅವಳತ್ತ ಬಾಗಿ, "ಅಕ್ಕಾರ, ಏನರ ಒಂದು ಕಾರಣ ಹೇಳ್ರಿ. ಅಷ್ಟ ದೂರದಿಂದ ಬಂದಾರ, ಸುಮ್ಮ ಕುಂತ್ರ ಹೆಂಗ?" ಎಂದದ್ದು ನೆನಪಿದೆ. ಅವಳು ಏನನ್ನಾದರೂ ಹೇಳಿದ್ದಕ್ಕೆ ಅವರು ಹಾಗೆ ಅಂದರೋ, ಬರೀ ಸುಮ್ಮನಿದ್ದುದಕ್ಕೆ ಅಂದರೋ?

ಅಕ್ಕ ಪರದೆಯನ್ನೇ ಬಹಳ ಹೊತ್ತು ನೋಡಿದಳು. ಆ ಫೋಟೋದ ಬಿರುಕಿನಲ್ಲಿ ಒಂದು ಜೇಡರ ಬಲೆ ಇತ್ತು. ಹಿಂದಿನದರಲ್ಲೂ ಇತ್ತು. ಅವಳು ನಿಧಾನವಾಗಿ ಹೇಳಿದಳು: ಬಿರುಕಿನಲ್ಲಿ ಜೇಡ ಬಲೆ ಕಟ್ಟಿದೆ ಎಂದರೆ ಬಿರುಕು ಹಳೆಯದು, ಅಲುಗಾಡುತ್ತಿಲ್ಲ. ಕಾಯಬಹುದು.

ಪರದೇಶದ ಹೆಂಗಸಿನ ಮುಖ ಅರಳಿತು. ಅವಳು ಪುಣೆಯವನ ಕಡೆ ತಿರುಗಿ ಏನೋ ಹೇಳಿದಳು. ಇಂಥದಕ್ಕೇ ಇಷ್ಟು ದೂರ ಬಂದದ್ದು ಎನ್ನುವಂತಿತ್ತು. ಹಳ್ಳಿಯ ಕಣ್ಣು, ಹಳ್ಳಿಯ ಜ್ಞಾನ. ನಾನು ಅದನ್ನು ಬರೆದುಕೊಂಡೆ. ಜೇಡ ಒಂದೇ ರಾತ್ರಿಯಲ್ಲಿ ಬಲೆ ಕಟ್ಟುತ್ತದೆ ಎಂಬುದು ಆ ಕೋಣೆಯಲ್ಲಿದ್ದ ನಮ್ಮ ಕಡೆಯ ಮೂವರಿಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ಕಸಬರಿಗೆಯಿಂದ ತೆಗೆಯುವವರೇ ಅಲ್ಲವೇ ನಾವೆಲ್ಲ.

ಯುಗಾದಿಯ ಹೊತ್ತಿಗೆ ಕೇಂದ್ರ ಮುಚ್ಚಿತು. ನಮ್ಮನ್ನೆಲ್ಲ ಕಳಿಸಿ ಅಕ್ಕನೊಬ್ಬಳನ್ನು ಉಳಿಸಿಕೊಂಡರು. ಮುರಗೋಡದ ಮನೆಯಲ್ಲಿ ಲ್ಯಾಪ್‌ಟಾಪು. ಯಂತ್ರಕ್ಕೆ ಅನುಮಾನ ಬಂದ ಫೋಟೋಗಳನ್ನಷ್ಟೇ ಅವಳಿಗೆ ಕಳಿಸುತ್ತಿದ್ದರು. ಅವಳು ನಿತ್ಯ ಭಯದಿಂದ ಒಂದು ಬಲೆಯ ಫೋಟೋಕ್ಕಾಗಿ ಕಾಯುತ್ತಿದ್ದಳಂತೆ. ಬಂದರೆ ತಿದ್ದಿಬಿಡೋಣ ಎಂದು.

"ಒಂದೂ ಬರಲಿಲ್ರಿ, ಮಾಸ್ತರ" ಎಂದಳು ಸವದತ್ತಿಯಲ್ಲಿ. "ಬಲಿ ಇದ್ದದ್ದರ ಮ್ಯಾಲ ಅದಕ್ಕ ಅನುಮಾನನ ಬರತಿದ್ದಿಲ್ಲ. ಅಷ್ಟ ಚೊಲೋ ಕಲ್ತಿತ್ತು."

ಆಮೇಲೆ ಆ ದೇಶದಲ್ಲಿ ಎಲ್ಲೋ ಒಂದು ಹೊಗೆಕೊಳವೆಯ ಗೋಡೆ ಬಿತ್ತು. ಕೆಳಗೆ ಯಾರಿದ್ದರು, ಎಷ್ಟು ಪೆಟ್ಟಾಯಿತು ಎಂದು ಅವಳಿಗೆ ಹೇಳಲಿಲ್ಲ. ಅವಳು ಕೇಳಿದಳು. ಅದು ನಿಮಗೆ ಸಂಬಂಧಿಸಿದ್ದಲ್ಲ ಎಂದರು. ಆದರೆ ನಿಯಮ ನಿಮ್ಮದು ಎಂದರು. ವಿಚಾರಣೆಯಲ್ಲಿ ಅಂದಿನ ವಿಡಿಯೋದ ಒಂದು ತುಣುಕು ತೋರಿಸಿದರಂತೆ. ಅದರಲ್ಲಿ ಅವಳಿದ್ದಾಳೆ, ಕೈಯಲ್ಲಿ ಬನ್ನಿ ಇದೆ, ಜೇಡದ ಮಾತು ಸ್ಪಷ್ಟವಾಗಿ ಕೇಳುತ್ತದೆ. ಅದಕ್ಕೆ ಮೊದಲಿನದು ತೋರಿಸಿರಿ ಎಂದಳು. ತರಬೇತಿಗೆ ಬೇಡದ ಭಾಗವನ್ನು ಇಟ್ಟುಕೊಂಡಿಲ್ಲ ಎಂದು ಉತ್ತರ ಬಂತು. ಮ್ಯಾನೇಜರು ಈಗ ಬೇರೆ ಊರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಅವರಿಗೆ ಏನೂ ನೆನಪಿಲ್ಲ. ಉಳಿದವನು ನಾನು.

ಅವಳು ಹೋದ ಸಂಜೆ ಗೋವೆಗೆ ಫೋನು ಮಾಡಿದೆ. ನೇಕಾರರ ಹುಡುಗ ಗದ್ದಲದ ನಡುವೆ ನಕ್ಕ. "ಹೊಗಿಕೊಳವಿ? ನಾ ಏನ ನೋಡಿ ಒತ್ತತಿದ್ನೋ ನನಗ ನೆನಪಿಲ್ಲ ಮಾರಾಯ್ರ." ಕ್ಷಣ ಬಿಟ್ಟು, ಧ್ವನಿ ತಗ್ಗಿಸಿ, "ಯಾಕ್ರಿ ಮಾಸ್ತರ, ಏನರ ಆಗೇತೇನು?" ಎಂದ. ಹೇಳಿದೆ.

ಭಾನುವಾರ ಕಿತ್ತೂರಿನ ನಮ್ಮ ಮನೆಯಿಂದ ಬೈಲಹೊಂಗಲಕ್ಕೆ ಹೊರಟೆ. ಮೋಟರ್‌ಸೈಕಲ್ಲಿನ ಎರಡೂ ಬದಿಗೆ ಎರೆಹೊಲ ಬಾಯಿ ಬಿಟ್ಟು ಬಿದ್ದಿತ್ತು. ಬಿರುಕುಗಳು ರಸ್ತೆಯ ಡಾಂಬರಿನವರೆಗೂ ಬಂದು ನಿಂತಿದ್ದವು. ನನ್ನ ಯೋಜನೆ ಇಷ್ಟೇ: ಮೆಟ್ಟಿಲ ಗೋಡೆಯಲ್ಲಿ ಆ ಬಿರುಕು ಇದೆಯೋ ಇಲ್ಲವೋ ನೋಡುವುದು. ಇದ್ದರೆ ನನ್ನ ನೆನಪು ಸರಿ, ಅಕ್ಕನಿಗೆ ನಾನು ಯಾವ ಉಪಕಾರವನ್ನೂ ಮಾಡಲಾರೆ. ಸುಳ್ಳು ಹೇಳಿ ಅವಳನ್ನು ಉಳಿಸುವ ಆಲೋಚನೆ ಬರಲಿಲ್ಲವೆಂದಲ್ಲ. ಬಂತು. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಮೆಟ್ಟಿಲಿಗೆ ಹೊಳೆಯುವ ಗ್ರಾನೈಟ್ ಹಾಸಿತ್ತು. ಪಕ್ಕದ ಗೋಡೆಗೆ ಎದೆಮಟ್ಟಕ್ಕೆ ಅದೇ ಕಲ್ಲು ಮೆತ್ತಿದ್ದರು. ಬಿರುಕಿದ್ದರೂ ಅದರ ಹಿಂದೆ. ಮೇಲಿನ ಕಚೇರಿ ಖಾಲಿ, ಬೀಗ. ಕೆಳಗೆ ಅಂಗಡಿಯಲ್ಲಿ ಕಟ್ಟಡದ ಮಾಲೀಕರು, ದೊಡವಾಡದವರು, ಹತ್ತಿಬೀಜದ ಪಾಕೀಟುಗಳನ್ನು ಜೋಡಿಸುತ್ತಿದ್ದರು. ಗುರುತು ಹಿಡಿದು ಚಹಾ ತರಿಸಿದರು.

"ಕಾಕಾರ, ಈ ಕಲ್ಲು ಯಾವಾಗ ಹಾಕಿಸಿದ್ರಿ?"

"ನೀವ ಇದ್ದಾಗ ಹಾಕಿಸಿದ್ದು! ಮರತ್ರೇನು? ಎಲ್ಲಾ ಒಡದು ಬೋಳಾ ಮಾಡಿದ್ರು. ಹಿಂಬದಿಯ ಕಬ್ಬಿಣದ ಏಣಿ ಹತ್ತಿ ನೀವೆಲ್ಲಾ ಮ್ಯಾಲ ಹೋಗತಿದ್ರಿ. ಆ ಪರದೇಶದ ಬಾಯಾರೂ ಹತ್ತಿದ್ರು, ಚಪ್ಪಲಿ ಕೈಯಾಗ ಹಿಡಕೊಂಡು! ಬಜಾರೆಲ್ಲಾ ನೋಡಾಕ ನಿಂತಿತ್ತು."

ನನಗೆ ಆ ಏಣಿಯ ನೆನಪೇ ಇಲ್ಲ. ಒಂದಿಷ್ಟೂ ಇಲ್ಲ. ಖಾತ್ರಿಯೇನ್ರಿ ಎಂದು ಕೇಳಿದೆ, ನನ್ನ ಚಾಳಿಯಂತೆ. ಅವರು ಬೇಸರಿಸಿಕೊಂಡರು. ಮೊಬೈಲು ತೆಗೆದು, ಬೆರಳಿನಿಂದ ಬಹಳ ಹೊತ್ತು ಹಿಂದಕ್ಕೆ ಸರಿಸಿ, ನನ್ನ ಮುಂದೆ ಹಿಡಿದರು. ದಸರೆಯ ಸಂಜೆ ಅಂಗಡಿಯ ಮುಂದೆ ಜನ ಬನ್ನಿ ಕೊಡುತ್ತಿರುವ ಫೋಟೋ. ಅವರ ಹಿಂದೆ ಮೆಟ್ಟಿಲಿರಬೇಕಾದ ಕಡೆ ಬರೀ ಇಳಿಜಾರು, ಕಲ್ಲುಮಣ್ಣು, ಅಡ್ಡ ಕಟ್ಟಿದ ಹಗ್ಗ.

"ಮತ್ತ ಯಾವಾಗ ಶುರು ಆತ್ರಿ ಹತ್ತೂದು?"

"ದೀಪಾವಳಿ ಪಾಡ್ಯಾಕ್ಕ. ಅಂಗಡಿ ಪೂಜಾಕ್ಕ ಮುಗಿಸಿಕೊಡ್ರಿ ಅಂತ ಕೆಲಸದವರ ಬೆನ್ನ ಹತ್ತಿದ್ನಿ."

ಚಹಾ ಆರಿತ್ತು. ಬೆರಳು ಬಿರುಕಿನ ಮೇಲಿತ್ತು, ಅದು ಸರಿ. ಆ ಬಿರುಕು ಪರದೆಯ ಮೇಲಿನದಿರಬೇಕು, ಅವಳು ಎದ್ದು ಹೋಗಿ ಮುಟ್ಟಿ ತೋರಿಸಿರಬೇಕು. ಇದು ನನ್ನ ಊಹೆ, ಇದನ್ನು ಸೋಮವಾರ ನಾನು ಹೇಳುವುದಿಲ್ಲ. ಮ್ಯಾನೇಜರು ಅವಳ ಕನ್ನಡವನ್ನು ಅವರಿಗೆ ಇಂಗ್ಲಿಷಿನಲ್ಲಿ ಏನೆಂದು ಹೇಳಿದರು ಎಂಬುದೂ ನನಗೆ ಗೊತ್ತಿಲ್ಲ. ಮಾಲೀಕರನ್ನು ಕೇಳಿ ಆ ಫೋಟೋವನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡೆ. ರಾಮದುರ್ಗದ ರಸ್ತೆಯಲ್ಲಿರುವ ಕಲ್ಲು ಹಾಸಿದ ಮೇಸ್ತ್ರಿಯ ಮನೆಗೂ ಹೋಗಿ ಬೇರೆಯಾಗಿ ಕೇಳಿದೆ. ಅವನೂ ಅದನ್ನೇ ಹೇಳಿದ. ಸೋಮವಾರ ನಾನು ಹೇಳುವುದು ಇಷ್ಟು: ಅವಳ ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಕ್ಕನ ಕೈಯಲ್ಲಿ ಬನ್ನಿ ಇದ್ದ ಆ ದಿನ ಆ ಕಟ್ಟಡದಲ್ಲಿ ಕೂತು ಮಾತಾಡಲು ಮೆಟ್ಟಿಲೇ ಇರಲಿಲ್ಲ.